ಶಾಲೆಗೆ ಪುಸ್ತಕ ಕೊಡುವ ಮುಂಚೆ, ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ

ನವೆಂಬರ್ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡಲು ಶುರುವಾಗುತ್ತದೆ. ಒಂದನೇ ತಾರೀಖು ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನಾಚರಣೆ, ಅದೇ ದಿನದಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಹಾಗಾಗಿ ಪೋಸ್ಟರಿಗೆ ಸಂದರ್ಭದ ಕೊರತೆ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಓದಿ ಮುಗಿಸಿದ ಪುಸ್ತಕ ಇದ್ದರೆ ಕೊಡಿ, ಸರ್ಕಾರಿ ಶಾಲೆಯ ಮಕ್ಕಳಿಗೆ ತಲುಪಿಸುತ್ತೇವೆ ಅಂತ ಕೆಳಗೊಂದು ಫೋನ್ ನಂಬರ್ ಇರುತ್ತದೆ. ಪುಸ್ತಕ ಕೊಡುವುದು ಈಗ ಅಧಿಕೃತ ಸಂಪ್ರದಾಯವೂ ಹೌದು. 2021ರ ಆಗಸ್ಟ್‌ನಲ್ಲಿ ಬೊಮ್ಮಾಯಿ ಸರ್ಕಾರ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಹೇಳಿತ್ತು. 2023ರ ಮೇನಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ತಮಗೆ ಶಾಲು ಹಾರ ಬೇಡ, ಕೊಡಲೇಬೇಕೆಂದಿದ್ದರೆ ಪುಸ್ತಕ ಕೊಡಿ ಅಂದರು.

ಇದರಲ್ಲಿ ತಪ್ಪೇನಿದೆ ಅಂತ ಕೇಳಬಹುದು. ತಪ್ಪಿಲ್ಲ. ಆದರೆ ನಾನೇ ಒಮ್ಮೆ ಇದನ್ನು ತಪ್ಪಾಗಿ ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಐದಾರು ಜನ ಗೆಳೆಯರು ಸೇರಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪುಸ್ತಕ ಸಂಗ್ರಹಿಸಿದೆವು. ಹದಿನಾಲ್ಕು ರಟ್ಟಿನ ಡಬ್ಬ ತುಂಬಿತು. ಒಂದು ಟೆಂಪೋ ಮಾಡಿಕೊಂಡು ದೂರದ ಒಂದು ಹೋಬಳಿಯ ಹಿರಿಯ ಪ್ರಾಥಮಿಕ ಶಾಲೆಗೆ ಹೋದೆವು. ಮಕ್ಕಳು ನಾಡಗೀತೆ ಹಾಡಿದರು. ಫೋಟೋ ತೆಗೆದೆವು, ಫೇಸ್‌ಬುಕ್ಕಿಗೆ ಹಾಕಿದೆವು, ಲೈಕುಗಳೂ ಬಂದವು. ಮರುವರ್ಷ ಬೇರೆ ಕೆಲಸದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಶಾಲೆಯೊಳಗೆ ಹೊಕ್ಕೆ. ಆಫೀಸ್ ರೂಮಿನ ಮೂಲೆಯಲ್ಲಿ, ಬಿಸಿಯೂಟದ ಬೇಳೆ ಮೂಟೆಯ ಪಕ್ಕ, ನಮ್ಮ ಡಬ್ಬಗಳು. ಮೂರೋ ನಾಲ್ಕೋ ತೆರೆದಿದ್ದವು. ಉಳಿದವುಗಳ ಮೇಲೆ ನಾವೇ ಹಚ್ಚಿದ ಟೇಪು ಹಾಗೇ ಇತ್ತು.

ಮುಖ್ಯ ಶಿಕ್ಷಕಿ ಮುಜುಗರಪಡಲಿಲ್ಲ. "ನೋಡಪ್ಪಾ, ಬೇಜಾರು ಮಾಡ್ಕೋಬೇಡ. ನೀವು ಕೊಟ್ಟು ಹೋದ್ರಿ, ಸಂತೋಷ. ಇದ್ರಲ್ಲಿ ನಮ್ಮ ಮಕ್ಕಳು ಓದೋದು ಯಾವ್ದು, ಒಂದು ತೆಗೆದು ತೋರ್ಸು ನೋಡೋಣ" ಅಂದರು. ನಾನು ಡಬ್ಬ ಬಿಚ್ಚಿದೆ. ಹಳೆಯ ಸಿಇಟಿ ಗೈಡು. ಜಾವಾ ಕಲಿಸುವ ಎಂಟುನೂರು ಪುಟದ ಪುಸ್ತಕ. ಇಂಗ್ಲಿಷ್ ಥ್ರಿಲ್ಲರುಗಳು. ಅರ್ಧ ಬಿಡಿಸಿದ ಸುಡೊಕು. ಷೇರು ಮಾರುಕಟ್ಟೆಯಲ್ಲಿ ದುಡ್ಡು ಮಾಡುವುದು ಹೇಗೆ ಅನ್ನುವುದು. ಕನ್ನಡದ್ದು ಇರಲಿಲ್ಲ ಅಂತಲ್ಲ, ಇತ್ತು: ಒಂದಷ್ಟು ಸಾಂಸಾರಿಕ ಕಾದಂಬರಿ, ಯಾರದೋ ಅಭಿನಂದನಾ ಗ್ರಂಥ. ಐದನೇ ಕ್ಲಾಸಿನ ಮಗು ಕೂತು ಓದಬಹುದಾದದ್ದು ಒಂದು ಡಬ್ಬದಲ್ಲಿ ನಾಲ್ಕು ಸಿಕ್ಕಿದರೆ ಹೆಚ್ಚು. ನಾವು ದಾನ ಮಾಡಿದ್ದು ಪುಸ್ತಕವನ್ನಲ್ಲ, ಹಳೇ ಪೇಪರ್ ಅಂಗಡಿಗೆ ಹಾಕಲು ಮನಸ್ಸಾಗದ ಕಾಗದವನ್ನು.

ಬೀರು ಇದ್ದರೆ ಲೈಬ್ರರಿ ಇದೆ ಅಂತ ಲೆಕ್ಕ

ಆ ಶಾಲೆ ಸರ್ಕಾರದ ಲೆಕ್ಕದಲ್ಲಿ 'ಗ್ರಂಥಾಲಯ ಇರುವ ಶಾಲೆ'. ಇದು ಹೇಗೆ ಅಂತ ಅರ್ಥ ಮಾಡಿಕೊಳ್ಳುವುದು ಮುಖ್ಯ. ದೇಶದ ಎಲ್ಲ ಶಾಲೆಗಳ ಮಾಹಿತಿ ಸಂಗ್ರಹಿಸುವ ಕೇಂದ್ರದ ಯುಡೈಸ್ ಪ್ಲಸ್ ವ್ಯವಸ್ಥೆಯಲ್ಲಿ ಗ್ರಂಥಾಲಯ, ಬುಕ್ ಬ್ಯಾಂಕ್, ಓದುವ ಮೂಲೆ ಮೂರನ್ನೂ ಒಟ್ಟಿಗೇ ಸೇರಿಸಿ ಎಣಿಸುತ್ತಾರೆ. ಅಂದರೆ ಪ್ರತ್ಯೇಕ ಕೋಣೆ ಬೇಕಿಲ್ಲ, ಗ್ರಂಥಪಾಲಕರು ಬೇಕಿಲ್ಲ. ಆಫೀಸಿನಲ್ಲೊಂದು ಕಬ್ಬಿಣದ ಬೀರು, ಅದರಲ್ಲಿ ಒಂದಿಷ್ಟು ಪುಸ್ತಕ ಇದ್ದರೂ 'ಹೌದು' ಅಂತ ಟಿಕ್ ಮಾಡಬಹುದು. ಈ ಲೆಕ್ಕದ ಪ್ರಕಾರ 2021-22ರಲ್ಲಿ ದೇಶದ ಶೇ. 87ರಷ್ಟು ಶಾಲೆಗಳಲ್ಲಿ ಗ್ರಂಥಾಲಯ ಸೌಲಭ್ಯ ಇತ್ತು.

ಈಗ ಇನ್ನೊಂದು ಲೆಕ್ಕ ನೋಡಿ. 'ಅಸರ್' ಸಮೀಕ್ಷೆಯವರು ಗ್ರಾಮೀಣ ಭಾಗದ ಸರ್ಕಾರಿ ಶಾಲೆಗಳಿಗೆ ಖುದ್ದಾಗಿ ಹೋಗಿ ನೋಡುತ್ತಾರೆ. ಅವರು ಗಮನಿಸುವ ಸಂಗತಿಗಳಲ್ಲಿ ಒಂದು, ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕವನ್ನು ಮಕ್ಕಳು ಬಳಸುತ್ತಿದ್ದರಾ ಅನ್ನುವುದು. 2018ರಲ್ಲಿ ದೇಶದ ಮಟ್ಟದಲ್ಲಿ ಹಾಗೆ ಕಂಡುಬಂದದ್ದು ಶೇ. 36.9ರಷ್ಟು ಶಾಲೆಗಳಲ್ಲಿ. 2022ರಲ್ಲಿ ಅದು ಶೇ. 44ರ ಹತ್ತಿರ ಬಂತು, 2024ರಲ್ಲಿ ಶೇ. 51.3. ಎರಡೂ ಲೆಕ್ಕದ ಶಾಲೆಗಳು ಒಂದೇ ಅಲ್ಲ, ಒಂದರಲ್ಲಿ ನಗರದ ಮತ್ತು ಖಾಸಗಿ ಶಾಲೆಗಳೂ ಸೇರಿವೆ. ಹಾಗಾಗಿ ಇದರಿಂದ ಅದನ್ನು ಕಳೆದು ಉತ್ತರ ಹೇಳಲು ಆಗುವುದಿಲ್ಲ. ಆದರೂ ನಡುವಿನ ಅಂತರ ಏನು ಹೇಳುತ್ತಿದೆ ಅನ್ನುವುದು ಸ್ಪಷ್ಟ. ಪುಸ್ತಕ ಶಾಲೆಯ ಗೇಟು ದಾಟಿ ಒಳಗೆ ಬಂದರೂ ಎಷ್ಟೋ ಕಡೆ ಮಗುವಿನ ಕೈಗೆ ಬರುತ್ತಿಲ್ಲ.

ಆ ಕೈಗೆ ಪುಸ್ತಕ ಬರದಿದ್ದರೆ ಏನಾಗುತ್ತದೆ? ಅದೇ ಸಮೀಕ್ಷೆಯ 2024ರ ವರದಿಯಂತೆ ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಅರ್ಧದಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಠ್ಯ ಓದಲು ಬರುವುದಿಲ್ಲ. ಓದು ಬರುವುದು ಓದುವುದರಿಂದಲೇ. ಮನೆಯಲ್ಲಿ ಪುಸ್ತಕ ಇರುವ ಮಗು ಶಾಲೆಯ ಬೀರು ಮುಚ್ಚಿದ್ದರೂ ಹೇಗೋ ಓದಿಕೊಳ್ಳುತ್ತದೆ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವ ಮನೆಯ ಮಗುವಿಗೆ ಪಠ್ಯಪುಸ್ತಕ ಬಿಟ್ಟರೆ ಅಕ್ಷರ ಸಿಗುವುದು ಗೋಡೆ ಬರಹದಲ್ಲಿ, ಗುಟ್ಕಾ ಪೊಟ್ಟಣದಲ್ಲಿ.

ಬೀಗ ಹಾಕಿದ್ದು ಯಾಕೆ

ಮೇಷ್ಟ್ರುಗಳಿಗೆ ಆಸಕ್ತಿ ಇಲ್ಲ, ಅದಕ್ಕೇ ಬೀಗ ಹಾಕಿಡ್ತಾರೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆಸಕ್ತಿ ಇಲ್ಲದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಬೀಗಕ್ಕೆ ಬೇರೆಯದೇ ತರ್ಕ ಇದೆ, ಅದು ಸ್ಟಾಕ್ ರಿಜಿಸ್ಟರಿನಲ್ಲಿದೆ.

ಸರ್ಕಾರಿ ಶಾಲೆಗೆ ಬಂದ ಪುಸ್ತಕ ದಾಸ್ತಾನು ವಹಿಯಲ್ಲಿ ನಮೂದಾಗಬೇಕು. ನಮೂದಾದ ಕ್ಷಣದಿಂದ ಅದು ಬೆಂಚು, ಕುರ್ಚಿ, ಕಂಪ್ಯೂಟರಿನ ಹಾಗೆ ಸರ್ಕಾರದ ಆಸ್ತಿ. ಮುಖ್ಯ ಶಿಕ್ಷಕರು ವರ್ಗವಾಗಿ ಹೋಗುವಾಗಲೋ ನಿವೃತ್ತರಾಗುವಾಗಲೋ ಚಾರ್ಜ್ ಹಸ್ತಾಂತರಿಸಬೇಕು. ಬರುವವರು ಪಟ್ಟಿ ಹಿಡಿದು ಎಣಿಸಿ ತೆಗೆದುಕೊಳ್ಳುತ್ತಾರೆ. ಮುನ್ನೂರು ಪುಸ್ತಕದಲ್ಲಿ ನಲವತ್ತು ಕಾಣದಿದ್ದರೆ ಎಲ್ಲಿ ಹೋಯಿತು ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರೇ. ಓದಿ ಓದಿ ಹರಿದ ಪುಸ್ತಕವನ್ನು ಪಟ್ಟಿಯಿಂದ ತೆಗೆಯುವುದಕ್ಕೂ ಕಾಗದ ಪತ್ರ ನಡೆಯಬೇಕು. ಮಕ್ಕಳಿಗೆ ಮನೆಗೆ ಕೊಟ್ಟ ಪುಸ್ತಕ ಕಳೆದುಹೋಗುತ್ತದೆ. ತಮ್ಮ ಹರಿಯುತ್ತಾನೆ, ಮಳೆಗೆ ನೆನೆಯುತ್ತದೆ, ಸುಗ್ಗಿಗೆ ಊರು ಬಿಟ್ಟು ಹೋದ ಕುಟುಂಬದ ಜೊತೆ ಅದೂ ಹೋಗುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಒಂದೂ ಕಳೆಯುವುದಿಲ್ಲ. ಗೆದ್ದಲು ತಿಂದರೂ ಅದು ಪ್ರಕೃತಿ ವಿಕೋಪ. ಅಂದರೆ ಈ ವ್ಯವಸ್ಥೆಯಲ್ಲಿ ಪುಸ್ತಕ ಓದಿಸಿದ ಶಿಕ್ಷಕಿಗೆ ಶಿಕ್ಷೆಯ ಭಯ, ಓದಿಸದವರಿಗೆ ನೆಮ್ಮದಿ.

ಇದರ ಮೇಲೆ ಕೆಲಸದ ಹೊರೆ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರು ಅನ್ನುವ ಹುದ್ದೆಯೇ ಇಲ್ಲ. ಪಾಠ ಮಾಡುವವರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಹಾಲು ಮೊಟ್ಟೆ ಹಂಚಬೇಕು, ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬಬೇಕು, ಬಿಎಲ್‌ಒ ಆಗಿ ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತಬೇಕು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಗಣತಿದಾರರಾಗಿ ಹೋದವರಲ್ಲಿ ಹೆಚ್ಚಿನವರು ಇದೇ ಶಿಕ್ಷಕರು. ಅದಕ್ಕಾಗಿ ದಸರಾ ರಜೆಯನ್ನೇ ವಿಸ್ತರಿಸಬೇಕಾಯಿತು. ಸಮೀಕ್ಷೆ ಬೇಕಿತ್ತು, ಆ ಮಾತು ಬೇರೆ. ಒಬ್ಬರೇ ಶಿಕ್ಷಕರಿರುವ ಸಾವಿರಾರು ಶಾಲೆಗಳು ರಾಜ್ಯದಲ್ಲಿವೆ. ಅಲ್ಲಿಗೆ ಹೋಗಿ ಲೈಬ್ರರಿ ಪೀರಿಯಡ್ ಯಾಕೆ ನಡೆಸಲ್ಲ ಅಂತ ಕೇಳುವುದಕ್ಕೂ ಒಂದು ಧೈರ್ಯ ಬೇಕು.

ಕಾನೂನಿನಲ್ಲಿ ಇರುವುದು, ದುಡ್ಡಿನಲ್ಲಿ ಇರುವುದು

ಶಾಲೆಗೊಂದು ಗ್ರಂಥಾಲಯ ಅನ್ನುವುದು ದಾನಿಗಳ ಔದಾರ್ಯದ ವಿಷಯವಲ್ಲ, ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆ ಅನ್ನಿಸಿಕೊಳ್ಳಲು ಏನೇನು ಇರಬೇಕು ಅನ್ನುವ ಪಟ್ಟಿ ಇದೆ. ಶೌಚಾಲಯ, ಕುಡಿಯುವ ನೀರು, ಆಟದ ಮೈದಾನದ ಜೊತೆಗೇ ಪ್ರತಿ ಶಾಲೆಯಲ್ಲೂ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕ ಮತ್ತು ಕಥೆ ಪುಸ್ತಕ ಇರುವ ಗ್ರಂಥಾಲಯ ಇರಬೇಕು ಅಂತ ಅದು ಹೇಳುತ್ತದೆ. ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಕಥೆ ಪುಸ್ತಕ ಅನ್ನುವ ಪದ ಕಾನೂನಿನಲ್ಲೇ ಇದೆ ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಅರ್ಜಿ ಬರೆಯುವಾಗ ಬೇಕಾಗುತ್ತದೆ.

ದುಡ್ಡೂ ಇದೆ, ಕಾಗದದ ಮೇಲೆ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶ ಇದೆ. ಚಿಕ್ಕ ಪ್ರಾಥಮಿಕ ಶಾಲೆಗೆ 5,000, ದೊಡ್ಡದಕ್ಕೆ ಹೆಚ್ಚು. ಕರ್ನಾಟಕದಂಥ ರಾಜ್ಯಗಳಲ್ಲಿ ಈ ಯೋಜನೆಯ ಖರ್ಚನ್ನು ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ಹಂಚಿಕೊಳ್ಳಬೇಕು. ಚಿತ್ರಪುಸ್ತಕ ಒಂದಕ್ಕೆ ಅರವತ್ತು ರೂಪಾಯಿ ಅಂತ ಇಟ್ಟುಕೊಂಡರೂ 5,000ಕ್ಕೆ ಎಂಬತ್ತು ಪುಸ್ತಕ ಬರುತ್ತದೆ. ಐದು ವರ್ಷ ನಿಯತ್ತಾಗಿ ಬಂದರೆ ನಾನೂರು. ಮೂವತ್ತು ಮಕ್ಕಳ ಶಾಲೆಗೆ ಇದು ಸಣ್ಣ ಸಂಖ್ಯೆಯಲ್ಲ. ಹಾಗಾಗಿ ನಿಮ್ಮೂರ ಶಾಲೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ನೇರವಾಗಿದೆ: ಕಳೆದ ಮೂರು ವರ್ಷದಲ್ಲಿ ಗ್ರಂಥಾಲಯದ ಹಣ ಎಷ್ಟು ಬಂತು? ಹಣವಾಗಿ ಬಂತಾ, ಪುಸ್ತಕವಾಗಿ ಬಂತಾ? ಪುಸ್ತಕವಾಗಿ ಬಂದಿದ್ದರೆ ಅದನ್ನು ಆರಿಸಿದವರು ಯಾರು? ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಒಂದು ಕಾರ್ಟನ್ ಪುಸ್ತಕ ಸಾಗಿಸುವ ಖರ್ಚಿಗಿಂತ ಅಗ್ಗ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಅಂತ ಕಟ್ಟುತ್ತೀವಲ್ಲ, ಅದು ಶಾಲೆಗೆ ಹೋಗುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಇಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಶೇ. 6ರಷ್ಟು ಸೆಸ್ ವಸೂಲಿ ಮಾಡಿ ಸಾರ್ವಜನಿಕ ಗ್ರಂಥಾಲಯಗಳಿಗೆ ಕೊಡಬೇಕು. ವಸೂಲಿ ಮಾಡಿದ್ದನ್ನು ಕೊಡದೆ ಉಳಿಸಿಕೊಂಡದ್ದೇ ದೊಡ್ಡ ಕಥೆ. ಬೆಂಗಳೂರಿನ ಪಾಲಿಕೆಯೊಂದೇ ನೂರಾರು ಕೋಟಿ ಬಾಕಿ ಉಳಿಸಿಕೊಂಡ ವಿಷಯ ವರ್ಷಗಳಿಂದ ಸುದ್ದಿಯಲ್ಲಿದೆ. ಓದುವವರ ಹೆಸರಲ್ಲಿ ಜನರಿಂದ ತೆಗೆದುಕೊಂಡ ದುಡ್ಡು ಅದು. ಅದನ್ನು ಕೇಳದೆ, ಹಳೆ ಪುಸ್ತಕ ಕೊಡಿ ಅಂತ ಮನೆ ಮನೆ ಬಾಗಿಲು ತಟ್ಟುವುದು ನನಗೀಗ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ.

ಹಾಗಾದರೆ ದಾನವೇ ಬೇಡವಾ? ಸರ್ಕಾರದ ಜವಾಬ್ದಾರಿಯನ್ನು ನಾವು ಹೊತ್ತುಕೊಂಡು ಅದನ್ನು ಬಚಾವ್ ಮಾಡ್ತಿದ್ದೀವಾ? ನಮ್ಮ ಸ್ಟಡಿ ಸರ್ಕಲ್ಲುಗಳಲ್ಲಿ ಈ ವಾದ ಮುಗಿಯುವುದೇ ಇಲ್ಲ. ಕಾರ್ಪೊರೇಟ್ ಕಂಪನಿಯ ಲೋಗೋ ಅಂಟಿಸಿದ ಕಪಾಟು ನೋಡಿದಾಗ ನನಗೂ ಸಿಟ್ಟು ಬರುತ್ತದೆ. ಆದರೆ ಈ ವರ್ಷ ನಾಲ್ಕನೇ ಕ್ಲಾಸಿನಲ್ಲಿರುವ ಮಗು ಮುಂದಿನ ಬಜೆಟ್‌ವರೆಗೆ ನಾಲ್ಕನೇ ಕ್ಲಾಸಿನಲ್ಲೇ ಕಾಯುವುದಿಲ್ಲ. ಕೊಡೋಣ, ಕೊಡುವಾಗಲೇ ಕೇಳೋಣ. ಪುಸ್ತಕ ಕೊಡಲು ಶಾಲೆಯೊಳಗೆ ಕಾಲಿಟ್ಟವರಿಗೆ, ಅನುದಾನ ಏನಾಯಿತು ಅಂತ ಕೇಳುವ ಅವಕಾಶ ತಾನಾಗಿ ಸಿಗುತ್ತದೆ. ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕು, ಮುಖ್ಯ ಶಿಕ್ಷಕಿಯನ್ನು ನಿಲ್ಲಿಸಿಕೊಂಡು ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲಾಭಿವೃದ್ಧಿ ಯೋಜನೆ ಬರೆಯುವುದು ಅವರ ಕೆಲಸ. ಅದರಲ್ಲಿ 'ಗ್ರಂಥಾಲಯ' ಅಂತ ಒಂದು ಸಾಲು ಸೇರಿದರೆ ಕೇಳುವುದಕ್ಕೆ ಒಂದು ದಾಖಲೆ ಆಗುತ್ತದೆ.

ಯಾವ ಪುಸ್ತಕ

ಮನೆಯಲ್ಲಿ ಉಳಿದದ್ದನ್ನು ಕೊಡಬೇಡಿ, ಮಕ್ಕಳಿಗೆ ಬೇಕಾದ್ದನ್ನು ಕೊಂಡು ಕೊಡಿ. ನೂರು ಹಳೆಯದಕ್ಕಿಂತ ಇಪ್ಪತ್ತು ಹೊಸದು ಮೇಲು. ಇದು ನಮ್ಮೂರಿನ ಪಾಠ ಮಾತ್ರ ಅಲ್ಲ. ಆಫ್ರಿಕಾದ ದೇಶಗಳಿಗೆ ಪುಸ್ತಕ ಕಳಿಸುವ ಬ್ರಿಟನ್ನಿನ ಬುಕ್ ಏಡ್ ಇಂಟರ್‌ನ್ಯಾಷನಲ್ ಸಂಸ್ಥೆ 1954ರಲ್ಲಿ ಶುರುವಾದಾಗ ಓದಿ ಬಿಟ್ಟ ಪುಸ್ತಕಗಳನ್ನೇ ಕಳಿಸುತ್ತಿತ್ತು, ಈಗ ಹೊಸ ಪುಸ್ತಕ ಮಾತ್ರ ಕಳಿಸುತ್ತದೆ.

ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಮಕ್ಕಳಿಗೆ ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ ಇರುವ ಪುಸ್ತಕ ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತುಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿ ಇಂಥವನ್ನು ತಂದಿವೆ. ಪ್ರಥಮ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಅಂದರೆ ನೀವು ಇಳಿಸಿಕೊಂಡು, ಕಲರ್ ಪ್ರಿಂಟ್ ಹಾಕಿಸಿ, ಪಿನ್ ಹೊಡೆದು ಶಾಲೆಗೆ ಕೊಟ್ಟರೆ ಯಾರ ಹಕ್ಕಿಗೂ ಧಕ್ಕೆ ಇಲ್ಲ. ಅಲ್ಲಿ ಓದಿನ ಮಟ್ಟವನ್ನು ಒಂದರಿಂದ ನಾಲ್ಕರವರೆಗೆ ಗುರುತಿಸಿರುತ್ತಾರೆ. ಏಳನೇ ಕ್ಲಾಸಿನ ಮಗುವಿಗೆ ಒಂದನೇ ಮಟ್ಟದ ಪುಸ್ತಕ ಬೇಕಾಗಬಹುದು, ಅದನ್ನು ಅವಮಾನ ಆಗದ ಹಾಗೆ ಕೈಗೆ ಕೊಡುವುದು ಶಿಕ್ಷಕಿಗೆ ಗೊತ್ತಿರುತ್ತದೆ. ಸ್ವಲ್ಪ ದೊಡ್ಡವರಿಗೆ ನ್ಯಾಷನಲ್ ಬುಕ್ ಟ್ರಸ್ಟಿನ 'ತೊತ್ತೋ-ಚಾನ್' ಇದೆ. ಹೈಸ್ಕೂಲಿಗೆ ತೇಜಸ್ವಿ. 'ಪರಿಸರದ ಕಥೆ' ಒಂದು ಪ್ರತಿ ಸಾಲುವುದಿಲ್ಲ, ಮೂರಾದರೂ ಇಡಿ.

ಭಾಷೆಯನ್ನು ಕೇಳಿಕೊಳ್ಳಿ. ಕರ್ನಾಟಕದ ಸರ್ಕಾರಿ ಶಾಲೆ ಅಂದರೆ ಕನ್ನಡ ಶಾಲೆ ಅಂತಲೇ ಅಲ್ಲ. ಸಾವಿರಾರು ಉರ್ದು ಮಾಧ್ಯಮ ಶಾಲೆಗಳಿವೆ, ಬೆಳಗಾವಿ ಕಡೆ ಮರಾಠಿಯವು. ಪುಸ್ತಕ ದಾನದ ಟೆಂಪೋಗಳು ಅಲ್ಲಿಗೆ ಹೋಗಿದ್ದನ್ನು ನಾನಂತೂ ನೋಡಿಲ್ಲ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ. ಆ ಮಗುವಿಗೆ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಎನ್‌ಸೈಕ್ಲೋಪೀಡಿಯಾ ಕೊಟ್ಟರೆ ತಲೆದಿಂಬು ಮಾಡಿಕೊಳ್ಳಬಹುದು ಅಷ್ಟೇ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ. ಶಾಲೆಗೆ ದಾನದ ಹೆಸರಲ್ಲಿ ಪ್ರಚಾರ ಸಾಹಿತ್ಯ ನುಗ್ಗಿಸುತ್ತಾರೆ ಅಂತ ನಾವು ಬೇರೆಯವರನ್ನು ದೂರುತ್ತೇವೆ, ಸರಿಯಾಗಿಯೇ ದೂರುತ್ತೇವೆ. ಆದರೆ ನಾವೂ ಒಮ್ಮೆ ಅಂಬೇಡ್ಕರ್ ಬರಹಗಳ ದಪ್ಪ ಸಂಪುಟಗಳನ್ನು ಕಿರಿಯ ಪ್ರಾಥಮಿಕ ಶಾಲೆಗೆ ಕೊಟ್ಟು ಕ್ರಾಂತಿಕಾರಿಗಳ ಥರ ವಾಪಸ್ ಬಂದಿದ್ದೆವು. ಒಂಬತ್ತು ವರ್ಷದ ಮಗುವಿಗೆ ಅದು ಎತ್ತಲೂ ಆಗದ ಪುಸ್ತಕ. ಆ ಮಗುವಿಗೆ ಬೇಕಾದದ್ದು ತನ್ನ ಕೇರಿಯ ಹಾಗಿರುವ ಕೇರಿ, ತನ್ನ ಅಮ್ಮನ ಹಾಗಿರುವ ಅಮ್ಮ ಚಿತ್ರದಲ್ಲಿರುವ ಒಂದು ಕಥೆ. ಅಂಥವು ಈಗ ಬರುತ್ತಿವೆ, ಹುಡುಕಬೇಕು.

ಕಳೆದುಹೋಗಲು ಬಿಡಿ

ಮತ್ತೆ ಬೀಗದ ವಿಷಯಕ್ಕೆ ಬರುತ್ತೇನೆ. ಆ ಹೋಬಳಿಯ ಶಾಲೆಗೆ ಎರಡನೇ ಸಲ ಹೋದಾಗ ನಾವು ಡಬ್ಬ ಒಯ್ಯಲಿಲ್ಲ. ಮುಖ್ಯ ಶಿಕ್ಷಕಿ ಮತ್ತು ಆರು, ಏಳನೇ ಕ್ಲಾಸಿನ ಮಕ್ಕಳ ಜೊತೆ ಕೂತು ಪಟ್ಟಿ ಮಾಡಿದೆವು. ಮಕ್ಕಳು ಕೇಳಿದ್ದು ದೆವ್ವದ ಕಥೆ, ಕ್ರಿಕೆಟ್, ಹಾವು. 'ಜೀವನ ಮೌಲ್ಯ' ಯಾರೂ ಕೇಳಲಿಲ್ಲ. ನೂರಿಪ್ಪತ್ತು ಪುಸ್ತಕ ಕೊಂಡೆವು. ಆಮೇಲೆ ಎಸ್‌ಡಿಎಂಸಿ ಸಭೆಯಲ್ಲಿ ಒಂದು ನಡಾವಳಿ ಬರೆಸಿದೆವು: ಈ ಪುಸ್ತಕಗಳು ಮಕ್ಕಳ ಬಳಕೆಗೆ ಬಂದವು, ಓದುವಾಗ ಹರಿದದ್ದಕ್ಕೆ, ಕಳೆದದ್ದಕ್ಕೆ ಶಿಕ್ಷಕರು ಹೊಣೆಯಲ್ಲ, ವರ್ಷಕ್ಕೊಮ್ಮೆ ಎಣಿಸಿ ಕಡಿಮೆಯಾದಷ್ಟನ್ನು ದಾನಿಗಳೇ ತುಂಬಿಕೊಡುತ್ತಾರೆ. ಕೆಳಗೆ ನಮ್ಮ ಸಹಿ. ಮೇಲಿನವರು ತಪಾಸಣೆಗೆ ಬಂದರೆ ತೋರಿಸಲು ಒಂದು ಕಾಗದ ಆಯಿತು ಅಂತ ಮೇಡಂ ನಿರಾಳವಾದರು. ಎಲ್ಲ ಶಾಲೆಯಲ್ಲೂ ಇದು ನಡೆಯುತ್ತದೆ ಅಂತ ನಾನು ಹೇಳಲಾರೆ. ಕೇಳಿ ನೋಡುವುದಕ್ಕೆ ಖರ್ಚಿಲ್ಲ.

ಪುಸ್ತಕಗಳನ್ನು ಬೀರುವಿನೊಳಗೆ ಇಡಲಿಲ್ಲ. ಕ್ಲಾಸಿನ ಎರಡು ಕಿಟಕಿಯ ನಡುವೆ ಪ್ಲಾಸ್ಟಿಕ್ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ ಹಾಗೆ ನೇತುಹಾಕಿದರು. ಮುಖಪುಟ ಕಾಣುತ್ತದೆ, ಮಗುವಿನ ಎತ್ತರಕ್ಕೆ ಸಿಗುತ್ತದೆ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಮಕ್ಕಳದ್ದೇ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ.

ಶಾಲೆಯಲ್ಲಿ ಇಷ್ಟೂ ಆಗದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿ. ಐದು ಸಾವಿರಕ್ಕೂ ಹೆಚ್ಚು ಇವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ 'ಅರಿವು ಕೇಂದ್ರ' ಅನ್ನುತ್ತಾರೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿ ಬಾಗಿಲು ತೆಗೆಯುವುದೇ ಕೆಲಸವಾಗಿರುವ ಒಬ್ಬ ಮೇಲ್ವಿಚಾರಕರು ಇರುತ್ತಾರೆ, ಶಾಲೆಯಲ್ಲಿ ಇಲ್ಲದ್ದು ಅದೇ. ಅವರ ಸಂಬಳದ ಹೋರಾಟ ಬೇರೆಯೇ ಬರೆಯಬೇಕಾದ ವಿಷಯ.

ಕಳೆದ ಸಲ ಹೋದಾಗ ಆ ನೋಟ್‌ಬುಕ್ ನೋಡಿದೆ. ನೂರಿಪ್ಪತ್ತರಲ್ಲಿ ಹದಿನೇಳು ಪುಸ್ತಕ ಇಲ್ಲ. ದೆವ್ವದ ಕಥೆ ಒಂದೂ ಉಳಿದಿಲ್ಲ. ಲೆಕ್ಕ ಬರೆಯುವ ಏಳನೇ ಕ್ಲಾಸಿನ ಹುಡುಗಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಯಾರ ಮನೆಯಲ್ಲಿರಬಹುದು ಅಂತ ಪಕ್ಕದಲ್ಲಿ ಹೆಸರು ಬರೆದಿದ್ದಳು. "ಅಣ್ಣಾ, ಇವ್ರೆಲ್ಲ ಹೈಸ್ಕೂಲಿಗೆ ಹೋದ್ರು, ಕೇಳಿದ್ರೆ ಇನ್ನೂ ಮುಗಿದಿಲ್ಲ ಅಂತಾರೆ" ಅಂದಳು. ಹದಿನೇಳರ ಪಟ್ಟಿ ನನ್ನ ಕೈಗೆ ಕೊಟ್ಟಳು.